ನಡುಗೆರೆಯ ಈಚೆ

ಅಮೆರಿಕದ ಡರ್ಹಮ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ, ಅಲ್ಲಿಯವರೇ ಆದ ಹೆಂಗಸೊಬ್ಬರಿದ್ದರು. ನನಗಿಂತ ಒಂದು ತಲೆ ಎತ್ತರ. ಹಿಂದೆ ಕಾಲೇಜು ಬ್ಯಾಸ್ಕೆಟ್‌ಬಾಲ್ ತಾರೆಯಂತೆ. ಮನಸ್ಸಿನಲ್ಲೇ ಅವರನ್ನು ಅಜ್ಜಿ ಎನ್ನುತ್ತಿದ್ದೆ.

ಕೋವಿಡ್‌ನ ಎರಡನೆಯ ಬೇಸಿಗೆ ಅದು. ಗಂಡನ ವೀಸಾದ ಮೇಲೆ ಬಂದವಳು ನಾನು. ಕೆಲಸದ ಪರ್ಮಿಟ್ ರಿನ್ಯೂ ಆಗದೆ, ಇದ್ದ ಕೆಲಸವೂ ಹೋಗಿ, ಕಾಲು ಸುಟ್ಟ ಬೆಕ್ಕಿನಂತೆ ಮನೆ ಸುತ್ತುತ್ತಿದ್ದೆ. ನೋಡಲಾರದೆ ಅಜ್ಜಿ ಒಂದು ಸಂಜೆ ತಮ್ಮ ಗ್ಯಾರೇಜಿನ ಮುಂದೆ ಬ್ಯಾಸ್ಕೆಟ್‌ಬಾಲ್ ಆಡಲು ಕರೆದರು.

"ಕಾಲೇಜಿನಲ್ಲಿ ಎಷ್ಟು ಬ್ಯಾಸ್ಕೆಟ್ ಹಾಕಿದ್ದಿರಿ?" ಎಂದು ಕೇಳಿದೆ.

"ಒಂದೂ ಇಲ್ಲ."

ಅವರ ಕಾಲದಲ್ಲಿ ಹೆಂಗಸರ ತಂಡಕ್ಕೆ ಆರು ಜನ. ಮೂವರು ಹಾಕುವವರು, ಮೂವರು ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿರಲಿಲ್ಲ. ಅಂಕಣ ಪೂರ್ತಿ ಓಡಿದರೆ ಹೆಣ್ಣುಮಕ್ಕಳಿಗೆ ಆಯಾಸವಾಗುತ್ತದಂತೆ. ಅಜ್ಜಿ ತಡೆಯುವವರು. ಚೆಂಡು ಕಸಿದು ಗೆರೆಯವರೆಗೆ ತರುವುದು, ಆಚೆಯವರಿಗೆ ಎಸೆಯುವುದು, ಅವರು ಹಾಕುವುದನ್ನು ನಿಂತು ನೋಡುವುದು. ಪತ್ರಿಕೆಯಲ್ಲಿ ಅಜ್ಜಿಯ ಫೋಟೊ ಬಂದಿತ್ತು. ಕಾಲೇಜು ಮುಗಿದ ಮೇಲೆ ಆಡಲು ತಂಡವೇ ಸಿಗದೆ ಶಾಲೆಯಲ್ಲಿ ಆಟದ ಟೀಚರ್ ಆದರು.

ಕೇಳಿ ನನಗೆ ಮೈ ಉರಿಯಿತು. ನಾನು ಮಂಡ್ಯದ ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ನಮ್ಮ ಆಟದಲ್ಲಿ ಗೆರೆ ಇರುವುದೇ ದಾಟುವುದಕ್ಕೆ.

"ಸಿಟ್ಟು ಬರಲಿಲ್ಲವೇ?" ಎಂದೆ.

"ಗೆರೆ ಇತ್ತು, ಆಡಿದೆವು," ಎಂದರು. ಆ ಸಮಾಧಾನವನ್ನು ನನ್ನಿಂದ ಸಹಿಸಲಾಗಲಿಲ್ಲ.

ತಿಂಗಳ ಕೊನೆಗೆ ಅವರು ಆಲ್ಡಿ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಇರಲು ಹೊರಟಿದ್ದರು. ಅಷ್ಟರೊಳಗೆ ಅವರ ಕೈಯಿಂದ ಒಂದಾದರೂ ಬ್ಯಾಸ್ಕೆಟ್ ಹಾಕಿಸಬೇಕೆಂದು ಹಟ ಹಿಡಿದೆ. ದಿನಾ ಚೆಂಡು ಕೈಗಿಟ್ಟರೆ ನನಗೇ ವಾಪಸ್ ಎಸೆಯುತ್ತಿದ್ದರು.

"ಬಿಟ್ಬಿಡೇ, ಅವ್ರು ಬಿದ್‌ಗಿದ್ರೆ ಯಾರು ಹ್ಯಾಂಡಲ್ ಮಾಡೋದು? ನಿನ್ ಟೆನ್ಷನ್ ಅವ್ರ ಮೇಲೆ ಯಾಕೆ ಹಾಕ್ತೀಯ?" ಎಂದ ನನ್ನ ಗಂಡ. ನಿಜ ಹೇಳಿದನೆಂದೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಹೊರಡುವ ಹಿಂದಿನ ಸಂಜೆ, "ಇವತ್ತಾದರೂ ಹಾಕಿ," ಎಂದು ಬೇಡಿಕೊಂಡೆ. ಅಜ್ಜಿ ಊರುಗೋಲನ್ನು ಗೋಡೆಗೆ ಒರಗಿಸಿ ಬ್ಯಾಸ್ಕೆಟ್‌ನ ಕಬ್ಬಿಣದ ಬಳೆಯ ಕೆಳಗೆ ಬಂದು ನಿಂತರು. ನನ್ನ ಕಣ್ಣು ತುಂಬಿತು. ಆದರೆ ಅವರು ಚೆಂಡು ಕೇಳಲಿಲ್ಲ. ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿದರು.

"ನೀನು ಹಾಕು."

ಪಾಪ ಎಂದುಕೊಂಡು ಮೆಲ್ಲಗೆ ಎಸೆದೆ. ಕೈ ಬೀಸಿ ಕೆಡವಿದರು. ಮತ್ತೆ ಎಸೆದೆ, ಈ ಸಲ ನಿಜವಾಗಿಯೇ. ಅದನ್ನೂ ಕೆಡವಿದರು. ಚೆಂಡು ನನ್ನ ಕೈ ಬಿಡುವ ಮೊದಲೇ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತಾಗುತ್ತಿತ್ತು.

"ಪತ್ರಿಕೆಯವರು ಫೋಟೊ ಸುಮ್ಮನೆ ಹಾಕಿರಲಿಲ್ಲ," ಎಂದು ನಕ್ಕರು.

ನಮ್ಮ ಮನೆಯೊಳಗಿನಿಂದ ಗಂಡ ಊಟಕ್ಕೆ ಕರೆದ. "ಬರ್ತೀನಿ ಇರು," ಎಂದು ಕೂಗಿ ಮತ್ತೆ ಚೆಂಡು ಎತ್ತಿಕೊಂಡೆ. ಎಷ್ಟೋ ತಿಂಗಳ ಮೇಲೆ ಪರ್ಮಿಟ್ ನೆನಪೇ ಇರಲಿಲ್ಲ.

ಅಜ್ಜಿ ಕೊನೆಗೂ ಒಂದೂ ಬ್ಯಾಸ್ಕೆಟ್ ಹಾಕಲಿಲ್ಲ. ನನಗೂ ಹಾಕಲು ಬಿಡಲಿಲ್ಲ.