ಕೊನೆಯ ಕಾಲಂ

ಕಾಗದದ ಮೇಲೆ ಅವರ ಹುದ್ದೆಯ ಹೆಸರು ಮೂರು ಸಾಲು ಉದ್ದವಿದೆ. ರೈತರ ಬಾಯಲ್ಲಿ ಮಾತ್ರ ಅವರು ಹಕ್ಕಿ ಸಾಹೇಬರು. ಹಕ್ಕಿ ಓಡಿಸಲು ಹೊಲಕ್ಕೆ ಬಲೆ ಕಟ್ಟಲಿ, ಢಮ್ಮೆನ್ನುವ ಗ್ಯಾಸಿನ ಕೋವಿ ಇಡಲಿ, ನಮ್ಮ ಕಚೇರಿಯಿಂದ ಅವರ ಸಹಿಯೇ ಆಗಬೇಕು. ಬಲೆಯ ಕಣ್ಣಿಗೆ ಹೆಬ್ಬೆರಳು ತೂರಿಸಿ, "ಇದು ಹೋದ್ರೆ ಹಕ್ಕಿ ಕತ್ತೂ ಹೋಗುತ್ತೆ, ಬಲೆ ಬಿಚ್ಚಪ್ಪ" ಅನ್ನುತ್ತಾರೆ. ಕೋವಿ ಗಂಟೆಗೆ ಎಷ್ಟು ಸಲ ಸಿಡಿಯುತ್ತದೆಂದು ಪಕ್ಕದಲ್ಲೇ ನಿಂತು ಎಣಿಸಿ ಎಣಿಸಿ ಎಡಗಿವಿ ಮಂದವಾಗಿದೆ. ಬೈಯುವ ರೈತನನ್ನು ಉಪಾಯವಾಗಿ ಆ ಕಡೆಗೇ ನಿಲ್ಲಿಸಿಕೊಳ್ಳುತ್ತಾರೆ. ಮನೆಯ ತಾರಸಿಯಲ್ಲಿ ಒಣಹಾಕಿದ ಕಾಳಿಗೆ ಗುಬ್ಬಿ ಮುತ್ತಿದರೆ, "ಓಡಿಸೋಕೆ ನನ್ನ ಹತ್ರ ಪರವಾನಗಿ ಇಲ್ವಲ್ಲ" ಎಂದು ಸುಮ್ಮನೆ ಕೂರುತ್ತಾರೆ. "ಇವರನ್ನ ಕಾವಲಿಗೆ ಕೂರಿಸಿದ್ರೆ ಗುಬ್ಬಿಗೂ ರಸೀದಿ ಕೊಟ್ಟು ಕಳಿಸ್ತಾರೆ" ಎಂದು ಅವರ ಹೆಂಡತಿ ಹಣೆ ಚಚ್ಚಿಕೊಳ್ಳುತ್ತಾರೆ. ನಮ್ಮ ಪರವಾನಗಿ ನಮೂನೆಯ ಕೊನೆಯ ಕಾಲಂ 'ಸತ್ತ ಇತರ ಹಕ್ಕಿಗಳು'. ರೈತರಿರಲಿ, ನಮ್ಮ ಸಿಬ್ಬಂದಿಯಿರಲಿ, ಎಲ್ಲರೂ ಕಣ್ಣು ಮುಚ್ಚಿಕೊಂಡು 'ಇಲ್ಲ' ಎಂದು ಬರೆದುಕೊಡುತ್ತಾರೆ. "ಬದು ಸುತ್ತಿ ಬಂದ್ಯೇನಪ್ಪಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ಸಾಹೇಬರು ತಾವೇ ಪ್ಯಾಂಟು ಮಡಚಿ ಕೆಸರಿಗಿಳಿಯುತ್ತಾರೆ. ಇಷ್ಟೊಂದು ಯಾಕಪ್ಪ ಎಂದು ನಾನೂ ನಕ್ಕವನೇ. ಮೊನ್ನೆ ಹಳೆಯ ಕಡತ ಜೋಡಿಸುವಾಗ, ಅವರು ಕೆಲಸಕ್ಕೆ ಸೇರಿದ ವರ್ಷದ ಹಾಳೆಯೊಂದು ಸಿಕ್ಕಿತು. ಕಾಳಿಗೆ ವಿಷ ಬೆರೆಸಿಡಲು ಇನ್ನೂ ಅನುಮತಿಯಿದ್ದ ಕಾಲ ಅದು. ಕೊನೆಯ ಕಾಲಂನಲ್ಲಿ ಅವರದೇ ದುಂಡನೆಯ ಅಕ್ಷರದಲ್ಲಿ 'ಇಲ್ಲ' ಎಂದಿತ್ತು. ಯಾರೂ ಕೇಳದಿದ್ದರೂ, ಹನ್ನೊಂದು ದಿನದ ಮೇಲೆ ಅದನ್ನು ಹೊಡೆದುಹಾಕಿ, ತಾರೀಖು ಹಾಕಿ, ಕೆಳಗೆ ಬರೆದಿದ್ದರು: 'ಸತ್ತ ಹಕ್ಕಿಗಳನ್ನು ತಿಂದು ಸತ್ತ ಗೂಬೆ ಹದಿನಾಲ್ಕು. ನಾನು ಬದು ಸುತ್ತಿರಲಿಲ್ಲ.'