ಬೀಗದ ಹಿಂದಿನ ಕಂದಾಯ ಹೋರಾಟ

ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಹಿತ್ತಲಿನಿಂದ ಒಳಗೆ ಬಂದು ಕೂರುವುದು ಎಷ್ಟು ಸುಲಭವೆಂದು ಮಾಡಿ ನೋಡಿದವರಿಗೇ ಗೊತ್ತು. ಏಳನೇ ಕ್ಲಾಸಿಗೇ ಓದು ಬಿಟ್ಟ ನನಗೆ ಚರಿತ್ರೆ ಅಷ್ಟಾಗಿ ತಿಳಿಯದು. ಆದರೆ ಕಂದಾಯ ಕೇಳುವವರು ಹುಟ್ಟಿದ ದಿನವೇ ಅಡಗಿಕೊಳ್ಳುವವರೂ ಹುಟ್ಟಿರಬೇಕೆಂದು ನನ್ನ ಊಹೆ. ಸರ್ಕಾರದವರು ಲೆವಿ ರಾಗಿ ವಸೂಲಿಗೆ ಬಂದಾಗ ನಮ್ಮ ತಾತ ರಾಗಿಯನ್ನೆಲ್ಲ ನೆಲದಡಿಯ ಹಗೇವಿಗೆ ಸುರಿದು, ಮೇಲೆ ತಿಪ್ಪೆ ಹಾಕಿಸಿದ್ದರಂತೆ. ಆ ಕತೆಯನ್ನು ಶಿಡ್ಲಘಟ್ಟದ ಟೀ ಅಂಗಡಿಗಳಲ್ಲಿ ಹೇಳಿ ಹೇಳಿ ನಾನೂ ಒಬ್ಬ ಹೋರಾಟಗಾರನಾದೆ. ತಾತನ ಬೆನ್ನಿಗೆ ಮನೆ ತುಂಬ ಮಕ್ಕಳ ಹೊಟ್ಟೆಯಿತ್ತು. ನನ್ನ ಬೆನ್ನಿಗಿದ್ದದ್ದು ಕೆಟ್ಟು ನಿಂತ ಬೀದಿ ದೀಪ ಮಾತ್ರ. "ದೀಪ ಹಾಕೋವರ್ಗೂ ಮನೆ ಕಂದಾಯ ಕಟ್ಟಲ್ಲ" ಎಂದೆ. ಬೀದಿಯವರೂ ಹೂಂ ಎಂದರು. ದೀಪ ಬಂತು. ನಮ್ಮ ಹೋರಾಟ ನಿಲ್ಲಲಿಲ್ಲ.

ಇದರಲ್ಲೊಂದು ತೊಡಕಿತ್ತು. ನಮ್ಮ ಹಳ್ಳಿ ಪಂಚಾಯ್ತಿಯ ಬಿಲ್ ಕಲೆಕ್ಟರ್ ನನ್ನ ಸ್ವಂತ ಅಕ್ಕ. ವಸೂಲಾದ ಕಂದಾಯದಿಂದಲೇ ಅವಳ ಸಂಬಳ. ಯಾರ ಬಾಗಿಲಿಗೆ ಹೋದರೂ "ಮೊದ್ಲು ನಿನ್ ತಮ್ಮನ ಹತ್ರ ಕಟ್ಟಿಸ್ಕೊಂಡ್ ಬಾಮ್ಮ" ಎಂದು ಕಳಿಸುತ್ತಿದ್ದರು. ಸಂಬಳ ನಿಂತು ತಿಂಗಳುಗಳಾಗಿದ್ದವು. ನನಗದು ಗೊತ್ತಿತ್ತು.

ಕೊನೆಗೆ ಕಂದಾಯ ಕಟ್ಟದವರ ಮನೆ ಮುಂದೆ ತಮಟೆ ಹೊಡೆಸುವುದೆಂದು ಪಂಚಾಯ್ತಿ ತೀರ್ಮಾನಿಸಿತು. ಬೀಗದ ಉಪಾಯ ನನಗೆ ಹೊಳೆದದ್ದು ತಮಟೆ ನಮ್ಮ ಬೀದಿಗೆ ಬಂದ ಬೆಳಿಗ್ಗೆ. ಉಸಿರು ಬಿಗಿಹಿಡಿದು ಒಳಗೆ ಕೂತೆ. ಹೊರಗೆ ತಮಟೆಯವನ ದನಿ:

"ತಮ್ಮನ ಮನೆ ಅಲ್ವೇನಕ್ಕಾ? ಮುಂದಕ್ಕೋಗಣ."

"ಅದಕ್ಕೇ ಕಣಪ್ಪ, ಜೋರಾಗಿ ಹೊಡಿ!"

ತಮಟೆ ನಿಂತಾಗ ಹಿತ್ತಲಲ್ಲಿ ನೀರಿನ ಸದ್ದು ಕೇಳಿತು. ನಲ್ಲಿ ತಿರುಗಿಸಿ, ಕೆಳಗೆ ಕೊಡ ಇಟ್ಟು, ಭಯದಲ್ಲಿ ಮರೆತಿದ್ದೆ. ಅಕ್ಕ ಬೀಗದ ಹತ್ತಿರ ಬಾಯಿ ತಂದು ಹೇಳಿದಳು: "ಬೀಗಪ್ಪಾ, ಕೊಡ ತುಂಬಿ ಚೆಲ್ತಾ ಐತೆ, ನಲ್ಲಿ ನಿಲ್ಸಪ್ಪ. ಪಂಚಾಯ್ತಿ ನೀರು."

ಬೀದಿಯೆಲ್ಲ ನಕ್ಕಿತು. ಅವಳು ನಗಲಿಲ್ಲ; ಬಾಗಿಲ ಸಂದಿಯಲ್ಲಿ ನಾನು ನೋಡಿದೆ.

ನಲ್ಲಿ ನಿಲ್ಲಿಸಿ, ಹಿತ್ತಲಿನಿಂದಲೇ ಪಂಚಾಯ್ತಿಗೆ ಹೋಗಿ ಕಟ್ಟಿಬಂದೆ. ಆಮೇಲೆ ಬೀದಿಯವರೂ ಒಬ್ಬೊಬ್ಬರಾಗಿ ಕಟ್ಟಿದರು, ಅಕ್ಕನಿಗೆ ಸಂಬಳವೂ ಬಂತು. ತಪ್ಪಾಯಿತೆಂದು ನಿಮ್ಮ ಮುಂದೆ ಇಷ್ಟು ಸಲೀಸಾಗಿ ಹೇಳುತ್ತಿರುವ ನಾನು ಅವಳ ಮುಂದೆ ಇನ್ನೂ ಹೇಳಿಲ್ಲ.

ಈಗ ಅವಳು ಬರುವ ದಿನ ಮುಂಬಾಗಿಲನ್ನು ಅಗಲವಾಗಿ ತೆರೆದಿಡುತ್ತೇನೆ. ಆದರೂ ಅವಳು ಹೊಸಿಲ ಆಚೆಯೇ ನಿಂತು, ಕೊಂಡಿಯಲ್ಲಿ ತೂಗುವ ಬೀಗವನ್ನು ಬೆರಳಿನಿಂದ ತಟ್ಟಿ ಕೇಳುತ್ತಾಳೆ:

"ಬೀಗಪ್ಪಾ, ನನ್ ತಮ್ಮ ಮನೇಲವ್ನಾ?"