ಕೊಟ್ಟಿಗೆಯ ಹಿಂದಿನ ಮರಸೇಬು

ಅಂಬುಜಾ ಕ್ರೈಸ್ಟ್‌ಚರ್ಚ್‌ನ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆ ಮಾಡುವವಳು. ಭೂಕಂಪದ ಮರುವರ್ಷ, ೨೦೧೨ರಲ್ಲಿ, ಇಂಜಿನಿಯರ್ ಗಂಡ ವಿಶ್ವೇಶ್ವರ ಕಟ್ಟಡಗಳ ಬಿರುಕು ನೋಡಲು ಶನಿವಾರವೂ ಹೊರಟುಬಿಡುತ್ತಿದ್ದ. ಆಗ ಅವಳು ಹಳೆಯ ಹಣ್ಣಿನ ತೋಟಗಳ ಸಮೀಕ್ಷೆ ಮಾಡುವ ಗುಂಪೊಂದನ್ನು ಸೇರಿದಳು. ಗುಡ್ಡಗಳ ನಡುವಿನ ಊರುಗಳಲ್ಲಿ ಅಜ್ಜಂದಿರು ನೆಟ್ಟ ಸೇಬು, ಮರಸೇಬುಗಳು ಹೇಳಕೇಳುವವರಿಲ್ಲದೆ ನಿಂತಿದ್ದವು. ಹಣ್ಣನ್ನು ಅಡ್ಡಕ್ಕೆ ಕೊಯ್ದು, ರುಚಿ ನೋಡಿ, ಬರೆದುಕೊಳ್ಳುವುದು ಅವಳ ಕೆಲಸ. ಉಳಿಸುತ್ತೇನೆಂದು ಒಡೆಯ ಒಪ್ಪಿದರೆ ಗುಂಪಿನವರೇ ಬಂದು ಕೊಂಬೆ ಸವರಿ, ಕಸಿ ಕಟ್ಟಿಕೊಡುವರು. ಒಲ್ಲೆನೆಂದರೆ ಸುಮ್ಮನೆ ಬರಬೇಕು.

ನಿಜ ಹೇಳಬೇಕೆಂದರೆ ಅವಳು ಹುಡುಕುತ್ತಿದ್ದುದು ಒಂದೇ ಬಗೆಯ ಮರವನ್ನು. ಬಸವನಗುಡಿಯ ಅಜ್ಜಿಯ ಮನೆ ಹಿತ್ತಲಲ್ಲಿ, ಬಾವಿಯ ಪಕ್ಕ, ಗಟ್ಟಿ ಮರಸೇಬಿನ ಮರವೊಂದಿತ್ತು. ತಂಗಿ ರಮಾ ಲಂಗ ಎತ್ತಿ ಕಟ್ಟಿ ಮರ ಹತ್ತುತ್ತಿದ್ದಳು. ಇವಳು ಕೆಳಗೆ ಉಪ್ಪುಖಾರ ಹಿಡಿದು ಕಾಯುತ್ತಿದ್ದಳು. ಈಗ ಅಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆಯಿದೆ. ಇಲ್ಲಿಯ ಅಂಗಡಿಯ ಮರಸೇಬುಗಳೋ, ಬಾಯಿಗಿಟ್ಟರೆ ಬೆಣ್ಣೆಯಂತೆ ಕರಗಿಹೋಗುವಂಥವು.

ಏಪ್ರಿಲ್ ತಿಂಗಳಲ್ಲಿ ಕುರಿ ಸಾಕುವ ಕಾಲಿನ್ ಎಂಬಾತನ ತೋಟಕ್ಕೆ ಹೋದಳು. ಅವನು ಕೊಟ್ಟಿಗೆಯ ಹಿಂದಿನ ಮರ ತೋರಿಸಿ ಬೇಡವೆಂಬಂತೆ ಕೈಯಲ್ಲಾಡಿಸಿದ.

"ಇದನ್ನ ಬರ್ಕೋಬೇಡ. ಸೋಮವಾರ ಕಡಿಸ್ತೀನಿ, ಶೆಡ್ಡಿಗೆ ಜಾಗ ಬೇಕು. ಹಣ್ಣಲ್ಲ ಇದು, ಕಲ್ಲು. ನನ್ನ ಕುರಿಗಳೂ ಮೂಸಿ ಮುಂದೆ ಹೋಗ್ತವೆ."

ಅಂಬುಜಾ ಒಂದನ್ನು ಕಿತ್ತು ಕಚ್ಚಿದಳು. ಕಟಂ ಎಂದಿತು. ಆಮೇಲೆ ಚೀಲದಿಂದ ಊಟದ ಜೊತೆಗಿದ್ದ ಉಪ್ಪುಖಾರದ ಡಬ್ಬಿ ತೆಗೆದು, ಹೋಳು ಮಾಡಿ ಹಚ್ಚಿದಳು.

"ಕುರಿಗಳಿಗೆ ಖಾರ ಹಚ್ಚಿ ಕೊಟ್ಟಿದ್ರಾ?"

ಕಾಲಿನ್ ತಿಂದ. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಕೆಮ್ಮುತ್ತಲೇ ಇನ್ನೊಂದು ಹೋಳಿಗೆ ಕೈ ಚಾಚಿದ.

"ಶೆಡ್ಡನ್ನ ಆ ಕಡೆಗೂ ಕಟ್ಬಹುದು," ಎಂದ ಕೊನೆಗೆ. "ಆದ್ರೆ ವರ್ಷಾ ವರ್ಷಾ ಆ ಡಬ್ಬಿ ತರಬೇಕು."

ಸಂಜೆ ವಿಶ್ವೇಶ್ವರನೂ ಒಂದು ಹಣ್ಣು ಕಚ್ಚಿ ನೋಡಿದ. "ಅಜ್ಜಿ ಮನೇದೇ ರುಚಿಯೇನೇ?"

"ಅಲ್ಲ ರೀ. ಅದರಲ್ಲಿ ಇನ್ನೊಂಚೂರು ಒಗರಿತ್ತು."

"ಮತ್ತೆ ಇಷ್ಟೆಲ್ಲಾ ಯಾಕೆ?"

ಅವಳು ಬೆಂಗಳೂರಿಗೆ ಫೋನು ಮಾಡಿದಳು. ರಮಾ ಎತ್ತಿದಾಗ ಹಲೋ ಎನ್ನದೆ, ಫೋನಿನ ಹತ್ತಿರ ಹಿಡಿದು ಹಣ್ಣು ಕಚ್ಚಿದಳು.

"ಅಕ್ಕಾ," ಎಂದಳು ರಮಾ. "ಉಪ್ಪುಖಾರ ಹಚ್ಚಿದೀಯಾ?"

"ಹಚ್ಚಿದೀನಿ ಕಣೆ," ಎಂದಳು ಅಂಬುಜಾ. "ಮರ ಹತ್ತೋರೇ ಇಲ್ಲ."